ಹಾಗಲ ಸವರಿದ ನಾಲಿಗೆ

ಅದು ಆಗುವ ಹಿಂದಿನ ದಿನ ಮಧ್ಯಾಹ್ನ ನಮ್ಮವರು ಗಾಡಿಯ ಚಕ್ರಕ್ಕೆ ಎಣ್ಣೆ ಬಿಡುತ್ತ ಕೂತಿದ್ದರು. ನಾನು ಹೊಸ್ತಿಲ ಮೇಲೆ ಚಹಾ ಕುಡಿಯುತ್ತಿದ್ದೆ. ಲೋಟದ ತಳದಲ್ಲಿ ಕರಗದೆ ಉಳಿದಿದ್ದ ಸಕ್ಕರೆಯನ್ನು ಬೆರಳಲ್ಲಿ ತೆಗೆದು ನೆಕ್ಕಿದೆ. ಅದು ಅವರ ಕಣ್ಣಿಗೆ ಬಿತ್ತು.

"ಊರಿಗೆಲ್ಲಾ ನಾನು ತರಕಾರಿ ರಸ ಕುಡಿಸ್ತೀನಿ, ಮನೇಲಿ ನನ್ನ ಹೆಂಡ್ತಿ ಸಕ್ಕರೆ ನೆಕ್ತಾಳೆ. ಗಿರಾಕಿಗಳು ನೋಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ನಿಮ್ಮ ಸೋರೆಕಾಯಿ ನೀರು ಕುಡ್ಕೊಂಡು ಬದುಕೋಕೆ ನಾನೇನು ಬಳ್ಳಿನಾ?"

"ಬಳ್ಳಿ ಆಗಿದ್ರೆ ಇಷ್ಟು ಮಾತಾಡ್ತಿರ್ಲಿಲ್ಲ" ಎಂದು ಎಣ್ಣೆ ಕೈ ನನ್ನ ಸೆರಗಿಗೆ ಒರೆಸಲು ಬಂದರು. ನಾನು ಲೋಟ ಎತ್ತಿಕೊಂಡು ಒಳಗೆ ಓಡಿದೆ.

ಆ ದಿನ ಹೇಳಿಕೊಳ್ಳುವಂಥದ್ದು ಇನ್ನೇನೂ ಆಗಲಿಲ್ಲ. ಮಾರುಕಟ್ಟೆಗೆ ಹೋದೆವು. ಸೋರೆ, ಹಾಗಲ, ಕ್ಯಾರೆಟ್ ತಂದೆವು. ತೊಳೆದು ಬಟ್ಟೆಯ ಮೇಲೆ ಹರವಿದೆವು. ಉಂಡೆವು. ಮಲಗಿದೆವು.

ನಮ್ಮವರು ಮೊದಲು ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದರು. ದಿನವಿಡೀ ಬಣ್ಣದ ವಾಸನೆ, ಹೊತ್ತಲ್ಲದ ಹೊತ್ತಿನಲ್ಲಿ ಊಟ, ಅದೂ ಕರಿದದ್ದು. ಹೊಟ್ಟೆಯಲ್ಲಿ ಹುಣ್ಣಾಯಿತು. ಡಾಕ್ಟರು ಮಾತ್ರೆ ಕೊಟ್ಟರು, ಹೊತ್ತಿಗೆ ಸರಿಯಾಗಿ ತಿನ್ನಪ್ಪ ಎಂದರು. ಎರಡನ್ನೂ ಚಾಚೂ ತಪ್ಪದೆ ಮಾಡಿದರು. ಹುಣ್ಣು ಮಾಯಿತು. ಆಮೇಲೆ ಬಣ್ಣದ ಕೆಲಸ ಬಿಟ್ಟು ಉದ್ಯಾನದ ಗೇಟಿನ ಪಕ್ಕ ತರಕಾರಿ ರಸದ ಗಾಡಿ ಹಾಕಿದರು. ಬೆಳಗಿನ ವಾಕಿಂಗ್ ಮುಗಿಸಿ ಬರುವವರೇ ಗಿರಾಕಿಗಳು. ಎಲ್ಲರ ಬಾಯಲ್ಲೂ ಅವರು ರಸದಣ್ಣ. ನಾದಿನಿಯೊಬ್ಬಳು ಮಾತ್ರ "ಏನಂತಾರೆ ನಮ್ಮಣ್ಣ ಸೊಪ್ಪುಸ್ವಾಮಿಗಳು?" ಎಂದು ಫೋನಿನಲ್ಲಿ ಕೇಳುತ್ತಿದ್ದಳು.

ಅವರು ಹುಚ್ಚು ನಂಬಿಕೆಯವರಲ್ಲ. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಈಗ ಹಾಗೆ ಅನ್ನುವವರಿದ್ದಾರೆ. ರಸ ಕುಡಿದರೆ ಮಾತ್ರೆ ಬಿಡಬಹುದಾ ಎಂದು ಯಾರಾದರೂ ಕೇಳಿದರೆ ಮುಖ ಕೆಂಪಾಗುತ್ತಿತ್ತು. "ನಾನು ತರಕಾರಿ ಅರಿಯೋನು ಸ್ವಾಮಿ. ಮಾತ್ರೆ ಕೊಟ್ಟೋರನ್ನೇ ಕೇಳಿ" ಎನ್ನುತ್ತಿದ್ದರು. ಹೊರಗಿನ ಐಸ್ ಗಾಡಿಗೆ ಸೇರಿಸುತ್ತಿರಲಿಲ್ಲ. ಉಗುರು ಬೆಳೆದರೆ ನನ್ನನ್ನೂ ಬೈಯುತ್ತಿದ್ದರು. ಹೊಸದಾಗಿ ಅರೆದ ಜಾರಿನ ಮೊದಲ ಲೋಟ ಅವರೇ ಕುಡಿಯುವುದು, ಗಿರಾಕಿಗಳ ಎದುರಿಗೇ. ತಾನು ಕುಡಿಯದ್ದನ್ನು ಇನ್ನೊಬ್ಬರಿಗೆ ಕೊಡಬಾರದು ಎಂಬುದು ಅವರ ಹಟ.

ಸೋರೆಕಾಯಿಯ ವಿಷಯದಲ್ಲಂತೂ ಬಹಳ ಜಾಗ್ರತೆ. ಸೋರೆಕಾಯಿ ಸಪ್ಪೆ, ಸಪ್ಪೆಯೇ ಇರಬೇಕು. ಅಪರೂಪಕ್ಕೆ ಒಂದು ಕಾಯಿ ಕಹಿ ಇರುತ್ತದೆ. ನೋಡಲು ಮಿಕ್ಕವುಗಳ ಹಾಗೇ ಇರುತ್ತದೆ, ಅಷ್ಟೇ ಹಸಿರು, ಅಷ್ಟೇ ನುಣುಪು. ಆದರೆ ಆ ಕಹಿ ವಿಷ. ಬೇಯಿಸಿದರೂ ಹೋಗುವುದಿಲ್ಲ. ಹಾಗಾಗಿ ಅರೆಯುವ ಮೊದಲು ನಾನು ಪ್ರತಿ ಕಾಯಿಯಿಂದ ಒಂದು ಬಿಲ್ಲೆ ಕೊಯ್ದು ಕೊಡುತ್ತಿದ್ದೆ. ಅವರು ಅಗಿದು ಉಗಿಯುತ್ತಿದ್ದರು. ತಲೆಯಾಡಿಸಿದರೆ ಕಾಯಿ ಜಾರಿಗೆ. ಮುಖ ಕಿವುಚಿದರೆ ಕಾಯಿ ಕಸಕ್ಕೆ.

ಹಾಗಲಕಾಯಿಯದು ಬೇರೆ ಮಾತು. ಅದರ ಕಹಿ ಹುಟ್ಟಿನಿಂದ ಬಂದದ್ದು, ತಿನ್ನುವ ಕಹಿ. ಹಾಗಲ ಬಾಯಿಗೆ ಬಿದ್ದರೆ ಆಮೇಲೆ ಬಹಳ ಹೊತ್ತು ಯಾವ ರುಚಿಯೂ ಹತ್ತುವುದಿಲ್ಲ. ಅದಕ್ಕೇ ನಮ್ಮಲ್ಲಿ ಸೋರೆ ಮೊದಲು, ಹಾಗಲ ಆಮೇಲೆ. ಎಷ್ಟೋ ವರ್ಷ ಹೀಗೇ ನಡೆಯಿತು.

ಗಾಡಿಗೆ ಎಣ್ಣೆ ಬಿಟ್ಟ ಮರುದಿನ ಬೆಳಿಗ್ಗೆ ಸಕ್ಕರೆ ಮೇಷ್ಟ್ರು ಬಂದರು. ಶಾಲೆಯಿಂದ ನಿವೃತ್ತರಾದವರು, ಸಕ್ಕರೆ ಕಾಯಿಲೆಯವರು. ದಿನಾ ಅರ್ಧ ಲೋಟ ಬರೀ ಹಾಗಲದ ರಸ ಕುಡಿಯುವುದು, ದಿನಾ ಒಂದು ಜಗಳ ತೆಗೆಯುವುದು.

"ರಸದಣ್ಣ, ಇದೇನಯ್ಯಾ, ಹಾಗಲದ ರಸವೋ ಹಾಗಲ ತೊಳೆದ ನೀರೋ?"

"ಮೇಷ್ಟ್ರೇ, ನಿಮ್ಮ ಬಾಯಿಗೆ ಹಾಗಲಾನೇ ಸಿಹಿ ಆಗಿರ್ಬೇಕು. ಇಷ್ಟು ವರ್ಷ ಮಕ್ಕಳನ್ನ ಬೈದೂ ಬೈದೂ."

ಸುತ್ತ ಇದ್ದವರು ನಕ್ಕರು. ಮೇಷ್ಟ್ರು ಲೋಟ ಮುಂದೆ ಚಾಚಿದರು. "ಹಾಗಾದ್ರೆ ನೀನೇ ಕುಡಿದು ಹೇಳು."

ನಮ್ಮವರು ಇನ್ನೊಂದು ಲೋಟಕ್ಕೆ ಬಗ್ಗಿಸಿಕೊಂಡು ಗಟಗಟ ಕುಡಿದರು. "ನೀರಿಲ್ಲ. ನಿಮ್ಮಾಣೆ."

"ನನ್ನಾಣೆ ಯಾಕೋ? ನಿನ್ನಾಣೆ ಹಾಕು."

ಅಷ್ಟರಲ್ಲಿ ದರ್ಜಿ ಬಂದ. ಅವನ ಹೆಂಡತಿಗೆ ಹೊಟ್ಟೆಯ ಆಪರೇಶನ್ ಆಗಿತ್ತು, ಇನ್ನೂ ಹಾಸಿಗೆಯಲ್ಲೇ. ಅವಳಿಗೆಂದು ದಿನಾ ಸೋರೆ ಹಾಗಲ ಬೆರೆಸಿದ ರಸ ಒಂದು ಬಾಟಲಿ ಒಯ್ಯುತ್ತಿದ್ದ. ಕೊಯ್ದಿಟ್ಟ ಸೋರೆ ಮುಗಿದಿತ್ತು. ಬುಟ್ಟಿಯಲ್ಲಿ ಕೊನೆಯ ಕಾಯಿ ಇತ್ತು. ನಾನು ಬಿಲ್ಲೆ ಕೊಯ್ದು ಕೊಟ್ಟೆ. ನಮ್ಮವರು ಅಗಿದು ಉಗಿದರು. ಬಾಯಲ್ಲಿ ಇನ್ನೂ ಹಾಗಲದ ಕಹಿ ಇತ್ತು. ಮೇಷ್ಟ್ರ ಜೊತೆ ಮಾತು ಇನ್ನೂ ಮುಗಿದಿರಲಿಲ್ಲ. ತಲೆಯಾಡಿಸಿದರು.

ತಪ್ಪು ಅದೇ. ತರಕಾರಿ ಮಾರಿದವಳದಲ್ಲ, ಮೇಷ್ಟ್ರದಲ್ಲ. ಅವರದೇ.

ಅರೆದರು. ಹಾಗಲ ಬೆರೆಸಿದರು. ವಾಡಿಕೆಯ ಹಾಗೆ ಮೊದಲ ಲೋಟ ಪೂರ್ತಿ ಕುಡಿದರು. ಮಿಕ್ಕದ್ದು ದರ್ಜಿಯ ಬಾಟಲಿಗೆ ಹೋಯಿತು. ಬೇರೆ ಯಾರಿಗೂ ಆ ಜಾರಿನಿಂದ ಹೋಗಲಿಲ್ಲ. ದರ್ಜಿ ಸೈಕಲ್ ಹತ್ತಿ ಹೋದ.

ಸ್ವಲ್ಪ ಹೊತ್ತಿಗೆ ನಮ್ಮವರು ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತರು. ವಾಂತಿ.

"ಗ್ಯಾಸು ಕಣೇ. ನೀರು ಕೊಡು."

ನೀರು ಕೊಟ್ಟೆ. ಅದೂ ಹೊರಗೆ ಬಂತು. ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಾಗಿದರು. ಬೆವರು ಕತ್ತಿನಿಂದ ಇಳಿಯುತ್ತಿತ್ತು. ಮಣೆಯ ಮೇಲೆ ಆ ಸೋರೆಕಾಯಿಯ ತುದಿ ಬಿದ್ದಿತ್ತು. ಒಂದು ಚೂರು ನಾಲಿಗೆಗೆ ಮುಟ್ಟಿಸಿದೆ. ಕಡು ಕಹಿ. ಉಗಿದೆ. ಇನ್ನೂ ಉಗಿದೆ.

ಅವರು ನನ್ನ ಮುಖ ನೋಡುತ್ತಿದ್ದರು. ಅವರಿಗೆ ಅರ್ಥವಾಯಿತು.

"ಬಾಟ್ಲಿ" ಎಂದರು.

ಮೇಷ್ಟ್ರು ಆಟೋ ನಿಲ್ಲಿಸಿದರು. ಇಬ್ಬರೂ ಹಿಡಿದು ಒಳಗೆ ಕೂರಿಸಿದೆವು. ನಾನು ಹತ್ತಲು ಹೋದೆ. ಅವರು ನನ್ನ ಕೈ ಕಿತ್ತು ತಳ್ಳಿದರು.

"ನನ್ನ ಹಿಂದೆ ಬರ್ಬೇಡ. ಅಲ್ಲಿಗೆ ಹೋಗು. ಆ ಹೆಣ್ಣುಮಗಳು ಕುಡಿದ್ಬಿಡ್ತಾಳೆ."

"ಫೋನ್ ಮಾಡ್ತೀನಿ, ನಿಮ್ಮ ಜೊತೆ..."

"ಮಿಶನ್ ತುಳೀವಾಗ ಅವನಿಗೆ ಫೋನ್ ಕೇಳಲ್ಲ. ಹೋಗೇ!"

ಮದುವೆಯಾದಾಗಿನಿಂದ ನನ್ನ ಮೇಲೆ ಹಾಗೆ ಕಿರುಚಿದವರಲ್ಲ. ಮೇಷ್ಟ್ರು ಅವರ ಪಕ್ಕ ಕೂತು, "ನಾನಿದೀನಮ್ಮ, ನೀನು ನಡಿ" ಎಂದರು. ಆಟೋ ಹೋಯಿತು. ನಾನು ಗಾಡಿಯನ್ನು ಹಾಗೇ ಬಿಟ್ಟು ಓಡಿದೆ.

ದರ್ಜಿಯ ಮನೆ ನೀರಿನ ಟ್ಯಾಂಕಿನ ಹಿಂದೆ ಎಂದಷ್ಟೇ ಗೊತ್ತಿತ್ತು. ಓಡುತ್ತ ಫೋನ್ ಮಾಡಿದೆ. ರಿಂಗ್ ಆಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಚಪ್ಪಲಿಯ ಉಂಗುಟ ಕಿತ್ತುಹೋಯಿತು, ಅಲ್ಲೇ ಬಿಸಾಡಿದೆ. ಟ್ಯಾಂಕಿನ ಹಿಂದಿನ ಸಂದಿಯಲ್ಲಿ ಒಂದಲ್ಲ, ಸಾಲಾಗಿ ದರ್ಜಿ ಅಂಗಡಿಗಳು. ಎಲ್ಲ ಕಡೆ ಮಿಶನ್ ಸದ್ದು. ಇಸ್ತ್ರಿ ಮಾಡುತ್ತಿದ್ದ ಹೆಂಗಸನ್ನು ಕೇಳಿದೆ.

"ಹೆಂಡ್ತಿಗೆ ಆಪರೇಶನ್ ಆಗಿದೆಯಲ್ಲ, ಆ ದರ್ಜಿ ಮನೆ ಯಾವುದಮ್ಮ?"

"ಯಾಕೆ, ಬ್ಲೌಸ್ ಕೊಟ್ಟಿದ್ರಾ? ಅವನು ಹೇಳಿದ ದಿನಕ್ಕೆ ಕೊಡಲ್ಲ ಬಿಡಿ."

"ಮನೆ ತೋರಿಸ್ರೀ ಮೊದ್ಲು!"

ಅವಳು ಬೆಚ್ಚಿ ಇಸ್ತ್ರಿಪೆಟ್ಟಿಗೆ ಹಿಡಿದ ಕೈಯಲ್ಲೇ ಮೇಲೆ ತೋರಿಸಿದಳು. ಅಂಗಡಿಯ ಪಕ್ಕ ಕಿರಿದಾದ ಮೆಟ್ಟಿಲು, ಒಬ್ಬರು ಇಳಿದರೆ ಇನ್ನೊಬ್ಬರು ಹತ್ತಲಾಗದಷ್ಟು. ಹತ್ತಿದೆ. ಬಾಗಿಲು ತೆರೆದೇ ಇತ್ತು. ಒಂದೇ ಕೋಣೆ. ಕಿಟಕಿಯ ಕೆಳಗೆ ಮಂಚ. ದರ್ಜಿಯ ಹೆಂಡತಿ ದಿಂಬಿಗೆ ಒರಗಿ ಕೂತಿದ್ದಳು. ಒಂದು ಕೈಯಲ್ಲಿ ಮೂಗು ಹಿಡಿದಿದ್ದಳು. ಇನ್ನೊಂದರಲ್ಲಿ ಲೋಟ, ತುಟಿಯ ಹತ್ತಿರ.

ನಾನು ಹೋಗಿ ಲೋಟ ಕಿತ್ತುಕೊಂಡೆ. ಅರ್ಧ ಅವಳ ಹೊದಿಕೆಯ ಮೇಲೆ ಚೆಲ್ಲಿತು.

"ಅಯ್ಯೋ, ಯಾರಮ್ಮ ನೀನು!"

"ಎಷ್ಟು ಕುಡಿದೆ? ಎಷ್ಟು ಕುಡಿದೆ ಹೇಳು ತಾಯಿ."

"ಎರಡು ಗುಟುಕು. ಇವತ್ತು ಜಾಸ್ತಿ ಕಹಿ. ಕಹಿ ಇದ್ದಷ್ಟೂ ಒಳ್ಳೇದು ಅಂತ ಇವ್ರು ಹೇಳಿದ್ರು. ಅದಕ್ಕೇ ಮೂಗು ಹಿಡ್ಕೊಂಡೆ."

ದರ್ಜಿ ಕೆಳಗಿನಿಂದ ಓಡಿ ಬಂದ. ಕತ್ತಿನಲ್ಲಿ ಟೇಪು ನೇತಾಡುತ್ತಿತ್ತು. "ಏನಕ್ಕಾ ಇದು? ರೋಗಿಷ್ಟೆ ಮೇಲೆ ಹೀಗಾ ಬಂದು ಬೀಳೋದು?"

ಹೇಳಿದೆ. ಅವನು ಹೆಂಡತಿಯನ್ನು ಎತ್ತಿಕೊಂಡು ಆ ಮೆಟ್ಟಿಲು ಇಳಿದ. ಹೇಗೆ ಇಳಿದನೋ. ನಾನು ಬಾಟಲಿ ಹಿಡಿದುಕೊಂಡು ಹಿಂದೆ ಇಳಿದೆ. ಆಟೋ ಹಿಡಿದು, ಮೇಷ್ಟ್ರು ನಮ್ಮವರನ್ನು ಕರೆದೊಯ್ದಿದ್ದ ಆಸ್ಪತ್ರೆಗೇ ಹೊರಟೆವು. ದಾರಿಯಲ್ಲಿ ಅವಳಿಗೂ ವಾಂತಿ ಶುರುವಾಯಿತು. ಪ್ರತಿ ಸಲ ದರ್ಜಿ ನನ್ನ ಕಡೆ ನೋಡುತ್ತಿದ್ದ. ನಾನು ರಸ್ತೆ ನೋಡುತ್ತಿದ್ದೆ.

ಆಸ್ಪತ್ರೆಯಲ್ಲಿ ಬಾಟಲಿ ನೋಡುತ್ತಲೇ ಡಾಕ್ಟರಮ್ಮ ಕೇಳಿದರು, "ಸೋರೆಕಾಯಿನಾ? ಕಹಿ ಇತ್ತಾ?" ಹೌದೆಂದೆ. ಇದಕ್ಕೆ ಇಂಥದೇ ಮದ್ದು ಅಂತ ಇಲ್ಲಮ್ಮ, ಡ್ರಿಪ್ ಹಾಕಿ ಬಿಪಿ ಬೀಳದಂತೆ ನೋಡಿಕೊಳ್ಳುತ್ತೇವೆ ಎಂದರು. ದರ್ಜಿಯ ಹೆಂಡತಿಯನ್ನು ಪರದೆಯ ಆಚೆ ಮಲಗಿಸಿದರು. ಈಚೆ ನಮ್ಮವರು. ವಾಂತಿಯಲ್ಲಿ ರಕ್ತ ಬಂದಿತ್ತು. ಪೂರ್ತಿ ಲೋಟ ಕುಡಿದವರು. ಮೊದಲೇ ಹುಣ್ಣಾಗಿ ವಾಸಿಯಾದ ಹೊಟ್ಟೆ.

ಮೇಷ್ಟ್ರು ಗೋಡೆಗೆ ಮುಖ ಮಾಡಿ ನಿಂತಿದ್ದರು. ನಾನು ಹತ್ತಿರ ಹೋದಾಗ ನಮ್ಮವರು ಕಣ್ಣು ಬಿಟ್ಟರು. ತುಟಿ ಒಣಗಿ ಬಿಳಚಿತ್ತು.

"ಕುಡಿದ್ಲಾ?"

"ಎರಡು ಗುಟುಕು. ಇಲ್ಲೇ ಆಚೆ ಮಲ್ಕೊಂಡಿದಾಳೆ. ಡ್ರಿಪ್ ಹಾಕಿದಾರೆ."

"ಮಾತಾಡ್ತಾಳಾ?"

"ಗಂಡನ್ನ ಬೈತಿದಾಳೆ. ಕೇಳಿಸ್ತಿಲ್ವಾ?"

ನಿಜವಾಗಿಯೂ ಬೈಯುತ್ತಿದ್ದಳು. ಕಹಿ ಒಳ್ಳೇದು ಅಂತ ಯಾರಪ್ಪ ಹೇಳಿಕೊಟ್ಟಿದ್ದು ನಿನಗೆ ಎಂದು. ನಮ್ಮವರು ಕಿವಿಗೊಟ್ಟು ಕೇಳಿದರು. ಬೈದರೆ ಜೀವ ಗಟ್ಟಿ ಎಂಬಂತೆ ತಲೆಯಾಡಿಸಿದರು.

"ಮಿಕ್ಕಿದ್ದು?"

"ಡಾಕ್ಟರಮ್ಮನ ಮೇಜಿನ ಮೇಲಿದೆ."

"ಮುಚ್ಚಳ ಹಾಕು. ಬಾಯಾರಿದೋರು ಯಾರಾದ್ರೂ ಬಂದಾರು."

ಹೋಗಿ ಮುಚ್ಚಳ ಹಾಕಿ ಬಂದೆ. ಅವರ ಬಿಪಿ ಇಳಿಯುತ್ತಲೇ ಹೋಯಿತು. ಡಾಕ್ಟರಮ್ಮ ಅವರ ಪಕ್ಕದಿಂದ ಕದಲಲಿಲ್ಲ, ನಾನು ನೋಡಿದ್ದೇನೆ. ಸಂಜೆಯ ಬಿಸಿಲು ಇನ್ನೂ ಕಿಟಕಿಯಲ್ಲಿ ಇರುವಾಗಲೇ ನಮ್ಮವರು ಹೋಗಿಬಿಟ್ಟರು.

ದರ್ಜಿಯ ಹೆಂಡತಿ ಎದ್ದು ನಡೆದು ಮನೆಗೆ ಹೋದಳು. ಹೋಗುವ ಮುಂಚೆ ನನ್ನ ಪಕ್ಕ ಬಂದು ಕೂತಳು.

ಆಮೇಲೆ ಜನ ಬಾಯಿಗೆ ಬಂದದ್ದು ಆಡಿದರು. ತರಕಾರಿಯಿಂದ ಯಾರಾದರೂ ಸಾಯುತ್ತಾರಾ, ಹಾರ್ಟ್ ಇರಬೇಕು ಎಂದರು ಕೆಲವರು. ಪ್ರಕೃತಿ ಕೊಟ್ಟದ್ದು ಕೊಲ್ಲುವುದಿಲ್ಲ, ಕಾಯಿಗೆ ಏನೋ ಔಷಧಿ ಹೊಡೆದಿರಬೇಕು ಎಂದರು ಇನ್ನು ಕೆಲವರು. ಇದೆಲ್ಲ ಹಸಿ ಸೊಪ್ಪಿನ ಹುಚ್ಚಿನಿಂದ ಆದದ್ದು ಎಂದು ನಾದಿನಿ ಎದೆ ಬಡಿದುಕೊಂಡು ಅತ್ತಳು. ಅಣ್ಣನನ್ನು ಕಳೆದುಕೊಂಡವಳು, ಅಂದುಕೊಳ್ಳಲಿ. ನಾನು ಎಲ್ಲರಿಗೂ ಒಂದೇ ಮಾತು ಹೇಳಿದೆ. ಕಾಯಿ ಕಹಿ ಇತ್ತು, ಅದನ್ನು ಅವರು ಕುಡಿದರು. ಬಳ್ಳಿ ನಮಗೋಸ್ಕರ ಕಾಯಿ ಬಿಡುವುದಿಲ್ಲ. ತನ್ನನ್ನು ತಿನ್ನಬಾರದು ಅಂತಲೂ ಕಹಿ ಮಾಡಿಕೊಳ್ಳುತ್ತದೆ. ಅದು ಬೇಡ ಅಂದಾಗ ಉಗಿಯಬೇಕು. ಮೂಗು ಹಿಡಿದು ನುಂಗಬಾರದು.

ಗಾಡಿ ಮಾರಿಬಿಡು ಎಂದರು. ಮಾರಲಿಲ್ಲ. ಬೇರೆ ಕೆಲಸ ನನಗೆ ಬಾರದು, ಗೇಟಿನ ಹತ್ತಿರದವರು ಕ್ಯಾರೆಟ್ಟನ್ನಾದರೂ ಕುಡಿಯಲು ಬರುತ್ತಿದ್ದರು. ಹಾಗಲವನ್ನು ಗಾಡಿಯಿಂದಲೇ ತೆಗೆದೆ. ಬೆರೆಸಿದ ರಸ ಕೇಳಿದವರಿಗೆ ಇಲ್ಲ ಎಂದೆ. ಮೇಷ್ಟ್ರು ಕೆಲವು ದಿನ ಆಚೆ ಗೇಟಿನಿಂದ ಹೋಗಿ ಬರುತ್ತಿದ್ದರು. ಒಂದು ದಿನ ನಾನೇ ಕೂಗಿದೆ.

"ಮೇಷ್ಟ್ರೇ, ಜಗಳ ಮಾಡೋರಿಲ್ಲದೆ ವ್ಯಾಪಾರ ಸಪ್ಪೆಯಾಗಿದೆ. ಬನ್ನಿ."

ಬಂದರು. ಸೋರೆ ರಸದ ಲೋಟ ಹಿಡಿದುಕೊಂಡರು. "ನಾನು ಅವತ್ತು ಕುಡಿ ಅನ್ನದೇ ಇದ್ದಿದ್ರೆ..." ಎಂದರು.

"ಕುಡಿ ಅಂದ್ರಿ. ಆಸ್ಪತ್ರೆಗೂ ನೀವೇ ಕರ್ಕೊಂಡು ಹೋದ್ರಿ. ಕುಡೀರಿ ಈಗ, ಬಿಸಿಯಾಗುತ್ತೆ."

ಬೆಳಿಗ್ಗೆ ಎದ್ದು ಬಾಯಿಗೆ ಬರೀ ನೀರು ಹಾಕಿ ಮುಕ್ಕಳಿಸುತ್ತೇನೆ. ಪೇಸ್ಟ್ ಇಲ್ಲ, ಚಹಾ ಇಲ್ಲ. ಅಂಗಳದಲ್ಲಿ ಮಣೆ ಹಾಕಿ ಕೂರುತ್ತೇನೆ. ಒಂದೊಂದು ಸೋರೆಕಾಯಿಗೂ ತೊಟ್ಟಿನ ಕಡೆಯಿಂದ ಒಂದು ಬಿಲ್ಲೆ, ತುದಿಯ ಕಡೆಯಿಂದ ಒಂದು ಬಿಲ್ಲೆ ಕೊಯ್ಯುತ್ತೇನೆ. ಅಗಿದು ಉಗಿಯುತ್ತೇನೆ. ಪಕ್ಕದ ಮನೆಯವಳು ಗೋಡೆಯ ಆಚೆಯಿಂದ ಮಾತಾಡಿಸಿದರೆ ಕೈಯಲ್ಲೇ ತಡಿ ಅನ್ನುತ್ತೇನೆ. ಕೊನೆಯ ಕಾಯಿ ಆಗುವವರೆಗೆ ಉತ್ತರ ಕೊಡುವುದಿಲ್ಲ. ಆಮೇಲೆ ಬಾಯಿ ತೊಳೆದು, ಚಹಾಕ್ಕೆ ನೀರಿಡುತ್ತೇನೆ.