ತಿಳಿ ನೀರಿನ್ಯಾಗ ಕಾಣದ ಬೆಳಕು

ತೊಂಬತ್ತರ ದಶಕದ ಸುರುವಿಗೆ ಸಿಂಧನೂರಿನ ಒಂದು ಖಾಸಗಿ ಹೈಸ್ಕೂಲಿನ್ಯಾಗ ನಾ ವಿಜ್ಞಾನ ಕಲಸ್ತಿದ್ದೆ. ಕೆಲಸ ಕಾಯಂ ಅಲ್ಲ. ತಪಾಸಣೆಗೆ ಬರೋ ಸಾಹೇಬ್ರು ನನ್ನ ಒಂದು ಪಾಠ ನೋಡಿ ಹೂಂ ಅಂದ್ರ ಕಾಯಂ, ಇಲ್ಲಾಂದ್ರ ಮನಿಗೆ. ಮನ್ಯಾಗ ನಾನು, ನಮ್ಮವ್ವ ಇಬ್ಬರೇ. ಅಕಿ ಜವಳಗೇರಾದಾಗ ಮಂದಿ ಗದ್ದ್ಯಾಗ ಕೂಲಿಗೆ ನಾಟಿ ಹಚ್ಚಿ ನನ್ನ ಓದಿಸಿದಾಕಿ.

ನಾ ಆರಿಸಿಕೊಂಡ ಪಾಠ ಬೆಳಕಿನ ಪೂರ್ಣ ಆಂತರಿಕ ಪ್ರತಿಫಲನ. ಹೆಸರು ದೊಡ್ಡದು, ಸಂಗತಿ ಸಣ್ಣದು. ನೀರಿನ ಒಳಗಿಂದ ಬೆಳಕು ನೆಟ್ಟಗ ಮ್ಯಾಲೆ ಬಂದ್ರ ಹೊರಗ ದಾಟ್ತದ. ಭಾಳ ಓರೆಯಾಗಿ ಬಂದ್ರ ದಾಟಂಗಿಲ್ಲ. ನೀರಿನ ಮೇಲ್ಮೈಯೇ ಕನ್ನಡಿಯಾಗಿ ಅಷ್ಟೂ ಬೆಳಕನ್ನ ಒಳಗೇ ತಿರುಗಿಸಿ ಕಳಸ್ತದ. ಗಾಜಿನ ತೊಟ್ಟಿಗೆ ಟಾರ್ಚ್ ಹಿಡಿದು ಇದನ್ನ ತೋರಿಸಬೇಕಂದ್ರ ನೀರು ಒಂಚೂರು ಕದಡಿರಬೇಕು. ಮಣ್ಣಿನ ಕಣಕ್ಕ ತಾಗಿದ್ರೇ ಬೆಳಕಿನ ದಾರಿ ಕಾಣೂದು. ಕದಡಿದ ನೀರಿಗೇನು ಬರ, ಕಾಲುವೆ ಇತ್ತಲ್ಲ! ಒಂದು ಕೊಡ ತುಂಬಿ, ನಾಳೆ ಸಾಹೇಬ್ರ ಮುಂದ ಇಡೂದು ಅಂತಷ್ಟೇ ಅವ್ವಗ ಹೇಳಿ, ಮನ್ಯಾಗ ಇಟ್ಟೆ.

ಮರುದಿನ ಸಾಹೇಬ್ರು ಬಂದು ಹಿಂದಿನ ಬೆಂಚಿನ ಮ್ಯಾಲೆ ಕುಂತ್ರು. ಕಿಟಕಿ ಮುಚ್ಚಿಸಿ, ಕೊಡದ ನೀರು ತೊಟ್ಟಿಗೆ ಸುರಿದು, ಟಾರ್ಚ್ ಹಚ್ಚಿದೆ. ಏನೂ ಕಾಣಲಿಲ್ಲ. ನೀರು ತಿಳಿ ಅಂದ್ರ ತಿಳಿ. ಅವ್ವನ ಕೆಲಸ! ದಿನಾ ಕುಡಿಯೋ ನೀರಿಗೆ ಮಾಡೋಹಂಗ ಇದಕ್ಕೂ ಪಟಿಕದ ಕಲ್ಲು ತಿರುವಿ, ರಾಡಿ ತಳಕ್ಕ ಕುಂತ ಮ್ಯಾಲೆ ತಿಳಿ ಬಸಿದು, ಕೊಡ ತಿಕ್ಕಿ ತುಂಬಿಟ್ಟಿದ್ಲು. ಮುಂಜಾನಿ ಅವಸರದಾಗ ನಾ ನೋಡೇ ಇರಲಿಲ್ಲ.

"ಬೆಳಕು ಎಲ್ಲೈತ್ರಿ ಟೀಚರ್?" ಅಂದ್ರು ಸಾಹೇಬ್ರು.

ಸಿಟ್ಟು ನೆತ್ತಿಗೇರಿತು. ಬೋರ್ಡ್ ಒರೆಸೋ ಡಸ್ಟರ್ ತಗೊಂಡು ತೊಟ್ಟಿ ಮ್ಯಾಲೆ ಫಟಫಟ ಬಡಿದೆ, ಕೈ ಹಾಕಿ ಕಲಕಿದೆ. ಸೀಮೆಸುಣ್ಣದ ಪುಡಿ ನೀರಿನ್ಯಾಗ ಹರಡಿತು. ಮಗ್ಗಲಿಂದ ಟಾರ್ಚ್ ಹಿಡಿದೆ. ಬಿಳಿ ಗೆರೆ ಓರೆಯಾಗಿ ಏರಿ, ಮೇಲ್ಮೈಗೆ ತಾಗಿ, ಹಂಗೇ ಕೆಳಗ ಇಳೀತು. ಹುಡುಗರು ಹೋ ಅಂದ್ರು. ಸಾಹೇಬ್ರು ಎದ್ದು ಬಂದು ತಾವೇ ಟಾರ್ಚ್ ಹಿಡಿದು ನೋಡಿದ್ರು. ಹೋಗುವಾಗ ಹೆಡ್‌ಮಾಸ್ತರಿಗೆ, "ಈ ಟೀಚರ್‌ನ ಕಾಯಂ ಮಾಡ್ರಿ" ಅಂದ್ರು.

ಕೆಲಸ ಸಿಕ್ಕರೂ ನನ್ನ ಸಿಟ್ಟು ಇಳಿದಿರಲಿಲ್ಲ. ಸಂಜಿಗೆ ಮನಿ ಹೊಸ್ತಿಲದಾಗೇ ನಿಂತು, "ಆ ನೀರಿಗೆ ಪಟಿಕ ತಿರುವು ಅಂತ ನಿನಗ ಯಾರು ಹೇಳಿದ್ರಬೇ?" ಅಂತ ಚೀರಿದೆ.

ಅವ್ವ ಮುಂಜಾನಿಂದ ಉಂಡಿರಲಿಲ್ಲ. "ಸಾಹೇಬ್ರ ಮುಂದ ರಾಡಿ ನೀರು ಇಟ್ಟರ, ಕೂಲಿಯಾಕಿ ಮಗಳು ಅಂದಾರು ಅಂತ ಅಂಜಿದೆ ಯವ್ವಾ," ಅಂದ್ಲು. ಆಮ್ಯಾಲೆ ಸಣ್ಣ ದನಿಯಾಗ, "ಕೆಲಸದಿಂದ ತೆಗೆದುಬಿಟ್ರೇನು?" ಅಂತ ಕೇಳಿದ್ಲು.

"ಇಲ್ಲಬೇ, ಕಾಯಂ ಆತು."

ಅಕಿ ಅಲ್ಲೇ ನೆಲಕ್ಕ ಕುಂತು ಅಳಾಕ ಹತ್ತಿದ್ಲು.