ಪಂಚಮಿಗೆ ತಮ್ಮ ಕೊಟ್ಟ ಅಂಗಳ

ಎರಡು ವರ್ಷದ ಹಿಂದಿನ ನಾಗರ ಪಂಚಮಿ. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಮನೆ ಮುಂದೆ ನಾಲ್ಕು ಗಿಡ ಬೆಳೆಸುವ ಹೆಂಗಸಿಗೆ ಹಬ್ಬಕ್ಕೆ ಏನು ಉಡುಗೊರೆ ಕೊಡಬೇಕೆಂದು ತಲೆ ಕೆಡಿಸಿಕೊಳ್ಳುವವರು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನ ತವರು ದಂಡೋತಿ, ಕಾಗಿಣಾ ನದಿ ದಂಡೆಯ ಎರೆಮಣ್ಣಿನ ಊರು. ಮದುವೆಯಾಗಿ ಬಂದದ್ದು ಶಹಾಬಾದಿಗೆ. ಇಲ್ಲಿ ಗುದ್ದಲಿ ಹಾಕಿದರೆ ಗೇಣು ಆಳಕ್ಕೆ ಕಲ್ಲು ಠಣ್ ಎನ್ನುತ್ತದೆ. ನೆಲಕ್ಕೂ ಫರ್ಸಿ ಎನ್ನುವ ಹಾಸುಗಲ್ಲು, ಗೋಡೆಗೂ ಫರ್ಸಿ, ಕಟ್ಟೆಗೂ ಫರ್ಸಿ. ಮೊದಲ ವರ್ಷ ನಾನು ಹಾಕಿದ ಪುಂಡಿ ಸೊಪ್ಪಿನ ಬೀಜ ಮೊಳೆತು ಮೂರೇ ದಿನಕ್ಕೆ ಒಣಗಿತು. ಅದನ್ನು ಕೇಳಿದ ಅವ್ವ, ಮುಂದಿನ ಸಲ ನಾನು ತವರಿನಿಂದ ಹೊರಟಾಗ ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಿ ಉಡಿ ತುಂಬಿದ ಮೇಲೆ ಒಂದು ಚೀಲ ಹೊಲದ ಮಣ್ಣನ್ನೂ ತಂದಿಟ್ಟಳು.

“ನಿಮ್ಮೂರಾಗ ಬರೇ ಕಲ್ಲ ಅದ. ಇದನ್ನ ಒಯ್ಯಿ, ಏನ್ ಹಾಕಿದ್ರೂ ಬರ್ತದ” ಎಂದಳು.

ಅಂದಿನಿಂದ ಪ್ರತಿ ಸಲವೂ ಉಡಿಯ ಜೊತೆ ಒಂದು ಚೀಲ ಮಣ್ಣು. ಕಂಡಕ್ಟರ್ ಗೊಣಗಿದರೂ ನಾನು ಬಿಡಲಿಲ್ಲ. ಹದಿನಾರು ವರ್ಷದಲ್ಲಿ ಅಂಗಳದ ತುಂಬ ಮಡಿಗಳಾದವು. ಪುಂಡಿ, ಬದನೆ, ಹೀರೆ, ಒಂದು ಮಲ್ಲಿಗೆ ಬಳ್ಳಿ. ಆಮೇಲೆ ಅವ್ವ ತೀರಿಕೊಂಡಳು. ಅವಳ ಸೀರೆ, ಒಡವೆ ಯಾವುದನ್ನೂ ನಾನು ಕೇಳಲಿಲ್ಲ. ನನ್ನ ಪಾಲು ನನ್ನ ಅಂಗಳದಲ್ಲೇ ಇತ್ತು.

ಆ ಪಂಚಮಿಗೆ ತಮ್ಮ ಶರಣು ಕರೆಯಲು ಬಂದ. ಶಹಾಬಾದಿನಲ್ಲಿ ಅವನದೊಂದು ಫರ್ಸಿ ಪಾಲಿಶ್ ಮಾಡುವ ಅಂಗಡಿಯಿದೆ, ದಂಡೋತಿಯಿಂದ ದಿನಾ ಓಡಾಡುತ್ತಾನೆ. ಮೂರು ದಿನ ತವರಲ್ಲಿದ್ದೆ. ಜೋಕಾಲಿ ಆಡಿದೆ, ಜೋಳದ ಅಳ್ಳು ತಿಂದೆ, ಉಂಡಿ ಕಟ್ಟಿದೆ. “ಈ ಸಲ ನಿನಗ ಸೀರಿ ಇಲ್ಲ ಅಕ್ಕಾ, ಬ್ಯಾರೇನೇ ಅದ” ಎಂದು ಅವನು ಮುಸಿಮುಸಿ ನಗುತ್ತಿದ್ದ. ನಾಲ್ಕನೆಯ ದಿನ ಬೈಕಿನಲ್ಲಿ ಕರೆತಂದು ಗೇಟಿನ ಮುಂದೆ ನಿಲ್ಲಿಸಿ, ಕಣ್ಣು ಮುಚ್ಚು ಎಂದ. ಮುಚ್ಚಿದೆ, ಪೆದ್ದಿ ನಾನು.

ಕಣ್ಣು ಬಿಟ್ಟರೆ ಗೇಟಿನಿಂದ ಹೊಸ್ತಿಲವರೆಗೆ ಮಿರಮಿರ ಮಿಂಚುವ ಫರ್ಸಿ. ಗೋಡೆಯ ಬದಿಗೆ ಗುಲಾಬಿ, ಹಸಿರು ಬಣ್ಣ ಬಳಿದ ಹನ್ನೆರಡು ಸಿಮೆಂಟ್ ಕುಂಡಗಳು. ಅವುಗಳಲ್ಲಿ ತುರುಕಿದ ನನ್ನ ಬದನೆ ಗಿಡಗಳು ಕತ್ತು ಚೆಲ್ಲಿದ್ದವು.

“ಹ್ಯಾಂಗದ ಅಕ್ಕಾ? ಇನ್ನ ಕೆಸರಾಗ ಕುಂದ್ರಾದು ತಪ್ತು ನೋಡು!”

“ಮಣ್ಣ ಎಲ್ಲಿ?”

“ಯಾವ ಮಣ್ಣ?”

“ನನ್ನ ಮಡಿ ಮಣ್ಣೋ!”

“ಅದಾ? ಟ್ರ್ಯಾಕ್ಟರಿಗಿ ತುಂಬಿ ಊರ ಹೊರಗ ಚೆಲ್ಲಿಸೀನಿ.”

ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ, “ನಿನ್ನ ಮೊಣಕಾಲ ನೋವಿಗೇ ಮಾಡಿಸೀವಿ. ಯಾಕ ಹಿಂಗ ಒದರ್ಲಿಕತ್ತಿ?” ಎಂದರು. ಅಂದರೆ ಇವರೂ ಸೇರಿಕೊಂಡಿದ್ದರು. ನಾನು ತವರಲ್ಲಿ ಜೋಕಾಲಿ ಆಡುವಾಗ ಇಲ್ಲಿ ನಿಂತು ಆಳುಗಳ ಕೈಯಲ್ಲಿ ಅಗೆಸಿದವರು ಇವರೇ. ಪಂಚಮಿಗೆ ಭೂಮಿಗೆ ಗುದ್ದಲಿ ಹಾಕಬಾರದೆಂದು ಅವ್ವ ಊರಿಗೆಲ್ಲ ಹೇಳುತ್ತಿದ್ದಳು. ಅವಳ ಮಗನೇ ಅದೇ ದಿನ ಅವಳ ಮಣ್ಣನ್ನು ಅಗೆಸಿದ್ದ. ಮಂಗನ ಕೈಗೆ ಮಾಣಿಕ್ಯ ಸಿಕ್ಕಂತಾಯಿತು ಎಂದು ಬಾಯಿಗೆ ಬಂದಂತೆ ಬೈದೆ. ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ನಿಲ್ಲಲಿ ಬಿಡಿ.

ಶರಣು ಮುಖ ಸಣ್ಣದು ಮಾಡಿ, “ಅವ್ವ ಕೊಟ್ಟ ಮಣ್ಣಂತ ಮೊದಲೇ ಹೇಳಬಾರದೇನು?” ಎಂದ.

ಆ ಮಾತಿಗೆ ನನ್ನ ಸಿಟ್ಟು ನೆತ್ತಿಗೇರಿತು. “ಹೇಳಬೇಕಾ? ಪ್ರತಿ ಸಲ ಆ ಚೀಲ ಹೆಗಲ ಮ್ಯಾಲ ಹೊತ್ತು ಬಸ್ಸಿಗಿ ಏರ್ಸಿದಾಂವ ಯಾರೋ? ನೀನೇ ಅಲ್ಲೇನು?”



ಆಗಿಂದಾಗಲೇ ಇಬ್ಬರನ್ನೂ ಮಣ್ಣು ಚೆಲ್ಲಿದ ಜಾಗಕ್ಕೆ ಹೊರಡಿಸಿದೆ. ಪಾಲಿಶ್ ಅಂಗಡಿಗಳ ಕಲ್ಲುಪುಡಿಯ ರಾಡಿ ಚೆಲ್ಲುವ ತಗ್ಗು ಅದು. ಹಿಂದಿನ ದಿನದ ಮಳೆಗೆ ರಾಡಿಯೂ ಮಣ್ಣೂ ಕಲೆತು ಗಟ್ಟಿಯಾಗತೊಡಗಿದ್ದವು. ಹಬ್ಬದ ಬಟ್ಟೆಯಲ್ಲೇ ಇಬ್ಬರೂ ತಗ್ಗಿಗೆ ಇಳಿದು ಕೈಯಿಂದ ಆರಿಸಿದರು. ನಾನು ಮೇಲೆ ನಿಂತು ಚೀಲ ಹಿಡಿದೆ. ಸಂಜೆಯವರೆಗೆ ಸಿಕ್ಕಿದ್ದು ಎರಡೇ ಚೀಲ ಕರಿಮಣ್ಣು. ಹದಿನಾರು ವರ್ಷದ ಮಣ್ಣಲ್ಲಿ ಎರಡು ಚೀಲ! ಅಲ್ಲೇ ಕುಳಿತು ಗಟ್ಟಿಯಾಗಿ ಅತ್ತೆ.

ಮನೆಗೆ ಬಂದು ಬಾಗಿಲ ಬಲಗಡೆಯ ನಾಲ್ಕು ಫರ್ಸಿ ಕೀಳಿಸಿದೆ. ಹಾಕಿಸಿದವನೇ ಹಾರೆ ಹಿಡಿದು ಕಿತ್ತ. ಆ ನಾಲ್ಕು ಫರ್ಸಿಯ ಜಾಗದಲ್ಲಿ ಈಗ ಪುಂಡಿ ಬೆಳೆಯುತ್ತದೆ. ಮಲ್ಲಿಗೆ ಬಳ್ಳಿ ಮಾತ್ರ ಬದುಕಲಿಲ್ಲ.

“ಪ್ರೀತಿಲೇ ಮಾಡ್ಯಾನ, ಬಿಡವಾ” ಎಂದು ಎಷ್ಟೋ ಜನ ಬುದ್ಧಿ ಹೇಳಿದರು. ಪ್ರೀತಿಯಿದ್ದವನಿಗೆ ಒಂದು ಮಾತು ಕೇಳಲು ಏನಾಗಿತ್ತು? ತೋಟ ಮಾಡುವವರಿಗೆ ಏನಾದರೂ ಕೊಡಬೇಕೆನಿಸಿದರೆ ಒಂದು ಚೀಲ ಕುರಿಗೊಬ್ಬರ ಕೊಡಿ, ಹಿಡಿ ಬೀಜ ಕೊಡಿ, ಏನೂ ಇಲ್ಲದಿದ್ದರೆ ಒಂದು ದಿನ ಬಂದು ಕಳೆ ಕಿತ್ತುಕೊಡಿ. ಅವರಿಲ್ಲದಾಗ ಅವರ ಅಂಗಳಕ್ಕೆ ಮಾತ್ರ ಕೈ ಹಚ್ಚಬೇಡಿ.

ಮರುವರ್ಷದ ಪಂಚಮಿಗೂ ಶರಣು ಕರೆಯಲು ಬಂದ. ಹೋದೆ, ತವರು ಬಿಡಲಾದೀತೇ? ಹೊರಡುವಾಗ ಉಡಿ ತುಂಬಿದ ಮೇಲೆ ಅವನೇ ಒಂದು ಚೀಲ ಮಣ್ಣು ತಂದು ನನ್ನ ಪಕ್ಕದಲ್ಲಿಟ್ಟ. ನಾನು ಚೀಲ ತೆಗೆದುಕೊಂಡೆ. ಆದರೆ ಆ ಸಲ ಶಹಾಬಾದ್ ಬಿಡುವ ಮೊದಲು ಗೇಟಿಗೆ ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಡನನ್ನೂ ಜೊತೆಗೆ ಕರೆದುಕೊಂಡೇ ಹೋಗಿದ್ದೆ.