ಪಿಯಾನೋದೊಳಗಿನ ಯುದ್ಧ

ಚಳಿಗಾಲಕ್ಕೆಂದು ಪೆಟ್ಟಿಗೆಯಿಂದ ರಗ್ಗು ತೆಗೆದಾಗಲೆಲ್ಲ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯುತ್ತದೆ. ನಿಮಗೂ ಇಂಥ ಒಂದು ವಾಸನೆ ಇರಬಹುದು, ಮುಚ್ಚಿಹೋದ ಮನೆಯೊಂದರ ಬಾಗಿಲನ್ನು ತೆರೆಯುವಂಥದು. ನನಗೆ ತೆರೆಯುವುದು ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನ ಒಂದು ಮುಂದಿನ ಕೋಣೆ, ಅದರ ತಣ್ಣನೆಯ ಹಾಸುಗಲ್ಲಿನ ನೆಲ, ಗೋಡೆಗೆ ಆನಿಸಿಟ್ಟ ಕರಿಯ ಪಿಯಾನೋ. ಹುಳ ಹಿಡಿಯಬಾರದೆಂದು ಡೋರಾ ಮಿಸ್ ಅದರ ಹೊಟ್ಟೆಯೊಳಗೆ ಈ ಗುಳಿಗೆಗಳನ್ನು ಅರಿವೆಯಲ್ಲಿ ಕಟ್ಟಿ ಇಟ್ಟಿದ್ದರು. ಮುಚ್ಚಳ ಎತ್ತಿದರೆ ಮೊದಲು ವಾಸನೆ ಬರುತ್ತಿತ್ತು, ಆಮೇಲೆ ಯುದ್ಧ.

ಡೋರಾ ಮಿಸ್ ಆಂಗ್ಲೋ ಇಂಡಿಯನ್ ಎಂಜಿನ್ ಡ್ರೈವರೊಬ್ಬರ ವಿಧವೆ, ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಅದು ಅರವತ್ತೈದರ ಯುದ್ಧದ ಕಾಲ. ಜಂಕ್ಷನ್ ಊರಾದ್ದರಿಂದ, ಬಾಂಬಿನ ವಿಮಾನಗಳಿಗೆ ಬೆಳಕು ಕಾಣದಂತೆ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದೆವು. ತಾಡಪತ್ರಿ ಹೊದಿಸಿದ ತೋಪುಗಳನ್ನು ಹೊತ್ತ ಗಾಡಿಗಳು ಹಾದುಹೋದರೆ ಗೋಡೆಯ ಮೇಲಿನ ಫೋಟೋಗಳು ನಡುಗುತ್ತಿದ್ದವು. ಸಂಜೆ ಅಕ್ಕಪಕ್ಕದವರೆಲ್ಲ ಮಿಸ್ಸಿನ ಕೋಣೆಯಲ್ಲಿ ಸೇರುತ್ತಿದ್ದರು. ಮಿಸ್ಸಿನ ಬಳಿ ತಮ್ಮ ಅಜ್ಜಿಯ ಕಾಲದ ಒಂದು ವಾದ್ಯಕೃತಿಯ ಪುಸ್ತಕ ಇತ್ತು; ಇಡೀ ಕಾಳಗವನ್ನೇ ಪಿಯಾನೋದ ಮೇಲೆ ಕೇಳಿಸುವಂಥದು. ಅದರಲ್ಲಿ ಸ್ವರಗಳ ಸಾಲಿನ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು: ಕುದುರೆಗಳ ಓಟ, ತೋಪು, ಗಾಯಾಳುಗಳ ನರಳಾಟ, ಗೆಲುವಿನ ಗಂಟೆ, ಕೊನೆಗೆ ಮನೆಗೆ ಮರಳುವುದು. ಮಿಸ್ ಗೋಣು ಹಾಕಿದಾಗ ಅದನ್ನು ಕನ್ನಡದಲ್ಲಿ ಕೂಗಿ ಹೇಳುವುದು ನನ್ನ ಕೆಲಸ. ಏಳನೆಯ ಇಯತ್ತೆಯ ಹುಡುಗನಿಗೆ ಅದಕ್ಕಿಂತ ದೊಡ್ಡ ಪದವಿ ಬೇಕಿರಲಿಲ್ಲ.

ಪಿಯಾನೋದ ಕೆಲವು ಮನೆಗಳು ಸತ್ತುಹೋಗಿದ್ದವು, ಒತ್ತಿದರೂ ಸ್ವರ ಬರುತ್ತಿರಲಿಲ್ಲ. "ಕುದುರಿ ಕುಂಟ್ಲಿಕತ್ತಾವಲ್ರಿ ಮಿಸ್ಸಮ್ಮ," ಎಂದು ಪಾಯಿಂಟ್ಸ್‌ಮನ್ ಬಸಣ್ಣ ಚಾಷ್ಟಿ ಮಾಡುತ್ತಿದ್ದ. "ನೀನು ಹುಲ್ಲು ತಂದು ಹಾಕು, ಓಡ್ತಾವ," ಎನ್ನುತ್ತಿದ್ದರು ಮಿಸ್, ಕೈ ನಿಲ್ಲಿಸದೆ. ಎಲ್ಲರೂ ನಗುತ್ತಿದ್ದರು, ಹೊಸ್ತಿಲ ಬಳಿ ಕೂರುತ್ತಿದ್ದ ಮೌಲನ್‌ಬಿ ಖಾಲಾ ಒಬ್ಬರನ್ನು ಬಿಟ್ಟು. ನಮ್ಮ ಪಕ್ಕದ ಮನೆಯವರು. ಅವರ ಒಬ್ಬನೇ ಮಗ ಚಾಂದಣ್ಣ ಫೌಜಿನಲ್ಲಿದ್ದ. ಲಡಾಯಿ ಶುರುವಾದ ಮೇಲೆ ಅವನ ಸುದ್ದಿಯೇ ಇರಲಿಲ್ಲ. ತೋಪಿನ ಭಾಗ ಮುಗಿಯುವವರೆಗೆ ಖಾಲಾ ಸೆರಗಿನ ಚುಂಗನ್ನು ಮುಷ್ಟಿಯಲ್ಲಿ ಹಿಂಡಿ ಕೂತಿರುತ್ತಿದ್ದರು. ನಾನು "ಎಲ್ಲಾರೂ ಮನಿಗಿ ಬಂದ್ರು" ಎಂದಮೇಲೆಯೇ ಮುಷ್ಟಿ ಸಡಿಲವಾಗುತ್ತಿತ್ತು. "ಅದೊಂದು ಕೇಳಿದ್ರ ರೊಟ್ಟಿ ಗಂಟಲದಾಗ ಇಳೀತದ, ಬೇಟಾ," ಎಂದಿದ್ದರು ಒಮ್ಮೆ.

ದಿನಾ ಅದೇ ಯುದ್ಧ. ಜನಕ್ಕೆ ಬೇಸರ ಬರತೊಡಗಿತು. ಒಂದು ಸಂಜೆ ಶಹಾಬಾದದಿಂದ ಯಾರದೋ ನೆಂಟರು ಬಂದಿದ್ದರು. ನಾನು ಕೂಗುತ್ತಿದ್ದರೂ ಅವರು ತಮ್ಮ ಪಾಡಿಗೆ ಮಾತಾಡುತ್ತಿದ್ದರು. ನನಗೆ ಸಿಟ್ಟು ಬಂತು. ನರಳಾಟದ ಭಾಗ ಬಂದಾಗ ಮಿಸ್ ಗೋಣು ಹಾಕಿದರು. ನಾನು ಹೇಳಿದೆ: "ಗುಂಡು ಬಡೀತು. ನಮ್ಮ ಚಾಂದಣ್ಣ ಬಿದ್ದ. ನೀರು ಕೇಳ್ಲಿಕತ್ತಾನ."

ನೆಂಟರೂ ಮಾತು ಬಿಟ್ಟು ನನ್ನತ್ತ ತಿರುಗಿದರು. ಆ ಒಂದು ಗಳಿಗೆ ನನಗೆ ಖುಷಿಯಾಯಿತು. ಇಷ್ಟು ವರ್ಷ ಯಾರಿಗೂ ಹೇಳದೆ ಉಳಿದದ್ದು ಆ ಮಾತಲ್ಲ, ಈ ಖುಷಿ. ಮಿಸ್ಸಿನ ಕೈ ಪಿಯಾನೋದ ಮೇಲೆಯೇ ನಿಂತಿತ್ತು. ಖಾಲಾ ಗೋಡೆ ಹಿಡಿದು ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದರು. ಗೆಲುವಿನ ಗಂಟೆ ಬಾರಿಸಲಿಲ್ಲ, ಯಾರೂ ಮನೆಗೆ ಮರಳಲಿಲ್ಲ. ಅವ್ವ ನನ್ನ ಕಿವಿ ಹಿಂಡಿ, "ನಿನ್ನ ನಾಲಿಗಿಗಿ ಏನು ಬಂದಿತ್ತೋ?" ಎಂದು ತಾನೇ ಅತ್ತಳು.

ಲಡಾಯಿ ನಿಂತಮೇಲೆ ಖಾಲಾನ ಮನೆಗೆ ಫೌಜಿನಿಂದ ತಾರು ಬಂತು. ಚಾಂದಣ್ಣ ಯಾವ ದಿನ ಬಿದ್ದ ಎಂದು ನಾನು ಕೇಳಲಿಲ್ಲ. ಬಾಯಿಮಾತಿಗೆ ಯಾರೂ ಸಾಯುವುದಿಲ್ಲವೆಂದು ನನಗೂ ಗೊತ್ತು. ಆದರೂ ಆ ದಿನವನ್ನು ತಿಳಿದುಕೊಳ್ಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಕಿಟಕಿಯ ಕಾಗದ ಕಿತ್ತಮೇಲೆ ಒಂದು ಸಂಜೆ ಖಾಲಾ ತಾವಾಗಿ ಬಂದು ಅದೇ ಹೊಸ್ತಿಲ ಬಳಿ ಕೂತರು. ನಾನು ಪಾಠಕ್ಕೆಂದು ಅಲ್ಲೇ ಇದ್ದೆ. "ಮಿಸ್ಸಮ್ಮ, ಅವತ್ತ ಅರ್ಧಕ್ಕ ನಿಂತದ. ಮುಂದಿಂದು ಬಾರಸ್ರಿ," ಎಂದರು. ಮಿಸ್ ಮುಚ್ಚಳ ಎತ್ತಿದರು, ಗುಳಿಗೆಯ ವಾಸನೆ ಬಂತು. ಗೆಲುವಿನ ಗಂಟೆ ಮುಗಿದು ಕೊನೆಯ ಭಾಗ ಬಂದಾಗ ಮಿಸ್ ಗೋಣು ಹಾಕಿದರು. ಖಾಲಾ ನನ್ನತ್ತ ತಿರುಗಿದರು. "ಹೆಸರು ಹಿಡಿದು ಹೇಳು, ಬೇಟಾ. ಅಂವ ಬೀಳಾಗ ಹೇಳಿದ್ದಿಯಲ್ಲ, ಈಗೂ ಹೇಳು."

ಬಾಯಿ ತೆರೆದೆ. ದನಿ ಬರಲಿಲ್ಲ. ಮಿಸ್ ಅದೇ ಸಾಲನ್ನು ಮತ್ತೆ ಬಾರಿಸಿದರು, ನನಗಾಗಿ ಕಾಯುತ್ತ, ಮತ್ತೆ ಬಾರಿಸಿದರು. ಖಾಲಾನ ಮುಷ್ಟಿಯಲ್ಲಿ ಸೆರಗಿನ ಚುಂಗು ಹಾಗೇ ಇತ್ತು. ಕೊನೆಗೆ ಅವರೇ ಎದ್ದು ನನ್ನ ತಲೆ ಸವರಿದರು. "ಇರ್ಲಿ ಬಿಡು. ಸಣ್ಣಾಂವ ಇದ್ದಿ."

ಮಿಸ್ ಮುಂದೆ ಪಿಯಾನೋ ಮಾರಿ ತಮ್ಮವರಿದ್ದ ಊರಿಗೆ ಹೋದರು. ಆ ಕ್ವಾರ್ಟರ್ಸು ಬಿದ್ದುಹೋಗಿ ಜಾಲಿ ಬೆಳೆದಿದೆ. ಖಾಲಾ ಲೈನಿನ ಆಚೆ, ಬೇವಿನ ಮರದ ಕೆಳಗೆ ಮಣ್ಣಾಗಿದ್ದಾರೆ. ರಗ್ಗು ಕೊಡವಿ ಬಿಸಿಲಿಗೆ ಹಾಕುವಾಗ, ಮನೆಯಲ್ಲಿ ಯಾರೂ ಇಲ್ಲದಿದ್ದರೆ, ನಾನು ಮೆಲ್ಲಗೆ ಹೇಳುತ್ತೇನೆ: ಚಾಂದಣ್ಣ ಮನಿಗಿ ಬಂದ. ಈಗ ದನಿ ಸಲೀಸಾಗಿ ಬರುತ್ತದೆ. ಹೊಸ್ತಿಲ ಕಡೆ ನೋಡುತ್ತೇನೆ. ಅಲ್ಲಿ ಬಿಸಿಲು ಮಾತ್ರ ಕೂತಿರುತ್ತದೆ.